ನಾಮಕರಣದಂದೇ ತಿಥಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೆಂದರೆ ಬಾಖ್, ಮೋಟ್ಸಾರ್ಟ್, ಬೀಥೋವನ್ ಎಂದು ಮೂರು ಹೆಸರು ಹೇಳಿ ಕೈಮುಗಿಯುವ ಸಂಪ್ರದಾಯವೊಂದು ನಮ್ಮ ನಗರಗಳ ವಿದ್ಯಾವಂತರಲ್ಲಿ ಬೆಳೆದುಬಂದಿದೆ. ಕೈಮುಗಿಯುವುದಕ್ಕೆ ನನ್ನ ತಕರಾರಿಲ್ಲ. ಆದರೆ ಮುಗಿದ ಕೈಯನ್ನು ಇಳಿಸುವ ಮೊದಲೇ, "ಆಮೇಲೆ ಅಲ್ಲಿ ಸಂಗೀತವೆಂಬುದು ಉಳಿಯಲಿಲ್ಲ, ಈಗ ನಡೆಯುತ್ತಿರುವುದೆಲ್ಲ ಕಂಚುಗಾರರ ಬೀದಿಯ ಗದ್ದಲ" ಎಂದು ತೀರ್ಪು ಕೊಟ್ಟುಬಿಡುತ್ತಾರಲ್ಲ, ತಕರಾರಿರುವುದು ಅದಕ್ಕೆ. ಈ ತೀರ್ಪಿಗೆ ಇದಿರಾಗಿ ಇನ್ನೊಂದು ಪಂಗಡವಿದೆ. ಹೊಸದೆಂದು ಹೇಳಿದರೆ ಸಾಕು, ಇವರ ತಲೆ ತಾನಾಗಿ ತೂಗತೊಡಗುತ್ತದೆ. ಅರ್ಥವಾಯಿತೆ ಎಂದು ಕೇಳಿದರೆ, ಅರ್ಥವಾಗಬೇಕೆಂಬ ಹಂಬಲವೇ ಹಳೆಯ ಕಾಲದ್ದು ಎನ್ನುತ್ತಾರೆ. ಈ ಎರಡು ಪಂಗಡಗಳೂ ಬದ್ಧವೈರಿಗಳಂತೆ ಕಾದಾಡುತ್ತಿವೆ. ನನಗಂತೂ ಇವೆರಡೂ ಒಂದೇ ಮನೆಯ ದಾಯಾದಿಗಳಾಗಿ ಕಾಣುತ್ತವೆ. ಏಕೆಂದರೆ ಇಬ್ಬರೂ ಹೊಸ ಕೃತಿಯನ್ನು ಕೇಳುವುದು ಒಂದೇ ಒಂದು ಸಲ. ಒಬ್ಬರು ಒಂದು ಸಲ ಕೇಳಿ ಉಗುಳುತ್ತಾರೆ, ಇನ್ನೊಬ್ಬರು ಒಂದು ಸಲ ಕೇಳಿ ನುಂಗುತ್ತಾರೆ. ಅಗಿಯುವವರು ಯಾರೂ ಇಲ್ಲ.

ಬೇಸ್ ಕ್ಲಾರಿನೆಟ್ ಮತ್ತು ಪಿಯಾನೊ ಎಂಬ ಜೋಡಿಗಾಗಿ ಈ ನೂರು ವರ್ಷಗಳಲ್ಲಿ ಬರೆದ ಸಂಗೀತವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಮಾತನ್ನು ಪರಿಶೀಲಿಸಬೇಕೆಂದು ನನ್ನ ಉದ್ದೇಶ. ಕನ್ನಡ ಪಾಠ ಹೇಳುವ ಮೇಷ್ಟರಿಗೆ ಈ ಊರ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಉಸಾಬರಿ ನಮ್ಮದೇ. ಗೋಪಾಲಕೃಷ್ಣ ಅಡಿಗರ 'ಚಂಡೆಮದ್ದಳೆ' ೧೯೫೪ರಲ್ಲಿಯೂ 'ಭೂಮಿಗೀತ' ೧೯೫೯ರಲ್ಲಿಯೂ ಪ್ರಕಟವಾದಾಗ ಕನ್ನಡದಲ್ಲಿ ಎದ್ದ ಕೂಗು ಇದೇ: ಲಯವಿಲ್ಲ, ಅರ್ಥವಿಲ್ಲ, ಇದು ಕಾವ್ಯವೇ ಅಲ್ಲ. ಇಂದು ಆ ಪದ್ಯಗಳು ಕಾಲೇಜಿನ ಪಠ್ಯ. ಕೂಗಿದವರನ್ನು ಯಾರೂ ವಾದದಲ್ಲಿ ಸೋಲಿಸಲಿಲ್ಲ. ಪದ್ಯಗಳನ್ನು ಜನ ಮತ್ತೆ ಮತ್ತೆ ಓದಿದರು, ಅಷ್ಟೆ. ತರಗತಿಯಲ್ಲಿ ನಾನು ಪ್ರತಿವರ್ಷವೂ ಕಾಣುವುದು ಇದನ್ನೇ. ನವ್ಯ ಪದ್ಯವೊಂದನ್ನು ಮೊದಲ ಸಲ ಓದಿದಾಗ ಹುಡುಗರು ಗೋಡೆ ನೋಡುತ್ತಾರೆ. ಎರಡನೆಯ ಸಲ ಓದಿದಾಗ ಪುಸ್ತಕ ನೋಡುತ್ತಾರೆ. ಮೂರನೆಯ ಸಲ ಓದಿದಾಗ ಯಾರೋ ಒಬ್ಬ ಎದ್ದು ಪ್ರಶ್ನೆ ಕೇಳುತ್ತಾನೆ. ಕಾವ್ಯಕ್ಕೆ ಈ ಮೂರು ಓದಿನ ಅವಕಾಶವಿದೆ. ಅಚ್ಚಾದ ಪುಸ್ತಕ ಮನೆಯಲ್ಲೇ ಇರುತ್ತದೆ. ಸಂಗೀತಕ್ಕೆ ಆ ಭಾಗ್ಯ ದೊರೆಯಬೇಕಾದರೆ ಯಾರಾದರೂ ಮತ್ತೆ ನುಡಿಸಬೇಕು.

ಮೊದಲು ವಾದ್ಯದ ಪರಿಚಯವಾಗಲಿ. ಕ್ಲಾರಿನೆಟ್ಟು ನಮಗೆ ಅಪರಿಚಿತವಲ್ಲ. ಮದುವೆಯ ಮೆರವಣಿಗೆಯ ಬ್ಯಾಂಡಿನಲ್ಲಿ ಅದನ್ನು ಕೇಳದವರಿಲ್ಲ, ಎ. ಕೆ. ಸಿ. ನಟರಾಜನ್ ಅವರು ಕರ್ನಾಟಕ ಸಂಗೀತದ ಪೂರ್ಣ ಕಚೇರಿಯನ್ನೇ ಅದರಲ್ಲಿ ನಡೆಸಿ ತೋರಿಸಿದ್ದಾರೆ. ಬೇಸ್ ಕ್ಲಾರಿನೆಟ್ಟು ಅದರ ಅಣ್ಣ. ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಕರಿಯ ಮರದ ಉದ್ದನೆಯ ಕೊಳವೆ, ಮೇಲೆ ಬಾಗಿದ ಲೋಹದ ಕೊರಳು, ಕೆಳಗೆ ಮೇಲ್ಮುಖವಾಗಿ ತಿರುಗಿದ ಲೋಹದ ಬಾಯಿ. ಭಾರ ತಡೆಯಲು ನೆಲಕ್ಕೆ ಊರುವ ಒಂದು ಕಡ್ಡಿ. ಡ್ರೆಸ್ಡೆನ್ನಿನ ಹೈನ್ರಿಖ್ ಗ್ರೆನ್ಸರ್ ೧೭೯೩ರಲ್ಲಿ ಇಂಥದೊಂದನ್ನು ಮಾಡಿದ್ದ. ಆದರೆ ಇಂದಿನ ರೂಪಕ್ಕೆ ತಳಹದಿ ಹಾಕಿದವನು ಅಡೋಲ್ಫ್ ಸ್ಯಾಕ್ಸ್. ಅವನು ಇದರ ಹಕ್ಕುಪತ್ರ ಪಡೆದದ್ದು ೧೮೩೮ರಲ್ಲಿ. ಅದಾದ ಎಂಟು ವರ್ಷಗಳಿಗೆ ತನ್ನ ಹೆಸರನ್ನೇ ಇಟ್ಟು ಸ್ಯಾಕ್ಸೊಫೋನಿಗೂ ಹಕ್ಕುಪತ್ರ ಪಡೆದವನು ಈತನೇ.

ಸ್ಯಾಕ್ಸೊಫೋನು ಮನೆಮಾತಾಯಿತು, ಬೇಸ್ ಕ್ಲಾರಿನೆಟ್ಟು ಮೂಲೆ ಸೇರಿತು. ಮೇಯರ್‌ಬೇರನ 'ಲೆ ಹ್ಯೂಗನೊ' ಎಂಬ ಗೀತನಾಟಕದಲ್ಲಿ ೧೮೩೬ರಲ್ಲೇ ಇದಕ್ಕೊಂದು ಒಂಟಿ ಪಾತ್ರ ದೊರೆತಿತ್ತು. ೧೮೯೨ರಲ್ಲಿ ಚೈಕಾವ್‌ಸ್ಕಿ 'ನಟ್‌ಕ್ರ್ಯಾಕರ್' ನೃತ್ಯನಾಟಕದ ಸಕ್ಕರೆಗೊಂಬೆಯ ಕುಣಿತದಲ್ಲಿ ಸೆಲೆಸ್ಟದ ಗಿಲಿಗಿಲಿಗೆ ಉತ್ತರವಾಗಿ ಕೆಳಗಿನಿಂದ ಇದನ್ನು ಮಾತನಾಡಿಸಿದ. ಕೇಳಿದವರಿಗೆಲ್ಲ ಆ ಕುಣಿತ ನೆನಪಿದೆ, ಉತ್ತರ ಕೊಟ್ಟ ವಾದ್ಯದ ಹೆಸರು ಮಾತ್ರ ನೆನಪಿಲ್ಲ. ಸುಮಾರು ನೂರು ವರ್ಷ ಇದರ ಪಾಡು ಹೀಗೆಯೇ: ದೊಡ್ಡ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತು, ಕಾದು, ಹತ್ತು ಮಾತ್ರೆ ನುಡಿಸಿ, ಮತ್ತೆ ಕಾಯುವುದು. ನಾಟಕದಲ್ಲಿ ದೀವಟಿಗೆ ಹಿಡಿಯುವವನ ಪಾತ್ರ.

ಆ ದೀವಟಿಗೆಯವನನ್ನು ರಂಗದ ನಡುವಿಗೆ ಕರೆತಂದ ಮುಖ್ಯ ಕೃತಿಗಳಲ್ಲೊಂದು ಸ್ವಿಟ್ಸರ್ಲೆಂಡಿನ ಓಟ್ಮಾರ್ ಶೋಕ್ ೧೯೨೭-೨೮ರಲ್ಲಿ ಬೇಸ್ ಕ್ಲಾರಿನೆಟ್ ಮತ್ತು ಪಿಯಾನೊಗಾಗಿ ಬರೆದ ಸೊನಾಟ. ಅದನ್ನು ಅರ್ಪಿಸಿರುವುದು ವಿಂಟರ್‌ಟೂರಿನ ವರ್ತಕ ವೆರ್ನರ್ ರೈನ್‌ಹಾರ್ಟ್ ಎಂಬಾತನಿಗೆ. ಸ್ವತಃ ಹವ್ಯಾಸಿ ಕ್ಲಾರಿನೆಟ್ ವಾದಕ. ಸ್ಟ್ರಾವಿನ್‌ಸ್ಕಿಯ 'ಸಿಪಾಯಿಯ ಕಥೆ' ೧೯೧೮ರಲ್ಲಿ ರಂಗ ಕಂಡದ್ದು ಇವನ ಹಣದಿಂದಲೇ. ಈ ಹಣ ಎಲ್ಲಿಂದ ಬಂತು? ರೈನ್‌ಹಾರ್ಟ್ ಮನೆತನದ್ದು ಫೋಲ್ಕಾರ್ಟ್ ವ್ಯಾಪಾರ ಸಂಸ್ಥೆ. ೧೮೫೧ರಲ್ಲಿ ವಿಂಟರ್‌ಟೂರಿನಲ್ಲಿಯೂ ಮುಂಬಯಿಯಲ್ಲಿಯೂ ಏಕಕಾಲಕ್ಕೆ ಬಾಗಿಲು ತೆರೆದು, ಭಾರತದ ಹತ್ತಿಯನ್ನು ಯೂರೋಪಿಗೆ ಸಾಗಿಸಿ ಸಿರಿವಂತವಾದ ಸಂಸ್ಥೆ. 'ಈ ಸಂಗೀತಕ್ಕೂ ನಮಗೂ ಏನು ಸಂಬಂಧ' ಎನ್ನುವ ಮಹನೀಯರು ಇದನ್ನು ಗಮನಿಸಬೇಕು. ಈ ದೇಶದ ರೈತ ಬಿಡಿಸಿದ ಹತ್ತಿಯ ಲಾಭ ಆ ಸಂಗೀತದ ಬೆನ್ನಿಗಿತ್ತು. ಹತ್ತಿ ಕೊಟ್ಟವರಿಗೆ ಬಟ್ಟೆ ನೋಡುವ ಹಕ್ಕಾದರೂ ಇರಬೇಡವೆ?

ಅನಂತರದ ಕಥೆ ಇಬ್ಬರು ವಾದಕರದು. ಚೆಕ್ ದೇಶದ ಯೋಸೆಫ್ ಹೊರಾಕ್ (೧೯೩೧-೨೦೦೫) ೧೯೫೫ರ ಮಾರ್ಚ್ ೨೪ರಂದು ಬ್ರನೊ ನಗರದಲ್ಲಿ ಬೇಸ್ ಕ್ಲಾರಿನೆಟ್ಟಿನ ತನಿಕಚೇರಿ ನಡೆಸಿದರು. ಈ ವಾದ್ಯದ ಚರಿತ್ರೆಯನ್ನು ಬರೆಯುವವರು ಅಂಥ ಕಚೇರಿಗಳಲ್ಲಿ ಅದನ್ನೇ ಮೊದಲನೆಯದೆಂದು ಎಣಿಸುತ್ತಾರೆ. ೧೯೬೩ರಲ್ಲಿ ಅವರು ಪಿಯಾನೊ ವಾದಕಿ ಎಮ್ಮಾ ಕೊವಾರ್ನೊವಾ ಅವರೊಡನೆ ಸೇರಿ 'ದುಯೆ ಬೊಯೆಮಿ ದಿ ಪ್ರಾಗ' ಎಂಬ ಜೋಡಿ ಕಟ್ಟಿದರು. ಹೆಸರಿನ ಅರ್ಥ, ಪ್ರಾಗಿನ ಇಬ್ಬರು ಬೊಹೀಮಿಯದವರು. ಈ 'ಇಬ್ಬರು' ಎಂಬ ಮಾತಿಗೆ ಮತ್ತೆ ಬರುತ್ತೇನೆ. ಎರಡನೆಯವರು ಹಾಲೆಂಡಿನ ಹ್ಯಾರಿ ಸ್ಪಾರ್ನಾಯ್ (೧೯೪೪-೨೦೧೭). ಹೊಸ ಸಂಗೀತವನ್ನು ನುಡಿಸುವವರಿಗಾಗಿಯೇ ನಡೆಯುತ್ತಿದ್ದ ಗೌಡೆಯಾಮುಸ್ ಸ್ಪರ್ಧೆಯಲ್ಲಿ ೧೯೭೨ರಲ್ಲಿ ಪ್ರಥಮ ಬಹುಮಾನ ಗೆದ್ದರು. ಅದೂ ಬೇಸ್ ಕ್ಲಾರಿನೆಟ್ ನುಡಿಸಿ. ಮೂಲೆಯ ವಾದ್ಯಕ್ಕೆ ನಡುಮನೆಯ ಮರ್ಯಾದೆ ಬಂತು. ಅವರಿಗಾಗಿ ಬರೆದ ಕೃತಿಗಳ ಸಂಖ್ಯೆ ಐನೂರನ್ನು ಮೀರುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಇದು ಸಂಗೀತವಲ್ಲ, ಸದ್ದು ಎಂಬುದು. ಹೊಸ ಕೃತಿಗಳಲ್ಲಿ ಬೇಸ್ ಕ್ಲಾರಿನೆಟ್ ವಾದಕ ಏನೇನು ಮಾಡುತ್ತಾನೆಂದು ನೋಡಿ. ನಾಲಗೆಯಿಂದ ರೀಡನ್ನು ಹೊಡೆದು, ತಂತಿ ಮೀಟಿದಂಥ ಪೆಟ್ಟಿನ ನಾದ ಎಬ್ಬಿಸುತ್ತಾನೆ. ಊದದೆಯೇ ಬರಿಯ ಕೀಲಿಗಳನ್ನು ಬಡಿದು ತಾಳ ಹಿಡಿಯುತ್ತಾನೆ. ವಿಶೇಷವಾದ ಬೆರಳ ಹಿಡಿತದಿಂದ ಒಂದೇ ಕೊಳವೆಯಲ್ಲಿ ಎರಡು ಮೂರು ಸ್ವರಗಳನ್ನು ಒಟ್ಟಿಗೆ ಕೂಗಿಸುತ್ತಾನೆ. ಕೆನ್ನೆಯಲ್ಲಿ ಗಾಳಿ ಹಿಡಿದಿಟ್ಟು, ಮೂಗಿನಿಂದ ಉಸಿರು ಸೆಳೆದು, ನಾದ ಕಡಿಯದಂತೆ ನಿಮಿಷಗಟ್ಟಲೆ ಊದುತ್ತಾನೆ. ಇವನ್ನು ಕೇಳಿ ಮೂಗು ಮುರಿಯುವ ನಮ್ಮವರಿಗೆ ನಾನು ಕೇಳುವುದಿಷ್ಟೆ: ನಾಗಸ್ವರದ ಪಕ್ಕದಲ್ಲಿ ಒತ್ತು ಹಿಡಿದವನು ಉಸಿರು ಕಡಿಯದೆ ಊದುವುದನ್ನು ನೀವು ಕಂಡಿಲ್ಲವೆ? ಮೃದಂಗದ ತನಿಯಲ್ಲಿ ಒಂದು ಸ್ವರವೂ ಇಲ್ಲದೆ ಬರಿಯ ಪೆಟ್ಟಿನ ಲೆಕ್ಕಕ್ಕೆ ತೊಡೆ ತಟ್ಟುತ್ತ ಕೂರುವುದಿಲ್ಲವೆ? ಯಕ್ಷಗಾನದ ಚಂಡೆಯನ್ನು ಮೊದಲ ಸಲ ಹತ್ತಿರದಿಂದ ಕೇಳಿದ ಪರಸ್ಥಳದವನು ಕಿವಿ ಮುಚ್ಚಿಕೊಳ್ಳುತ್ತಾನೆ. ಕರಾವಳಿಯವನಿಗೆ ಅದೇ ಪೆಟ್ಟಿಗೆ ಮೈ ಜುಮ್ಮೆನ್ನುತ್ತದೆ. ಚಂಡೆ ಒಂದೇ, ಕಿವಿ ಬೇರೆ. ಸದ್ದು ಮತ್ತು ನಾದದ ನಡುವಣ ಬೇಲಿಯನ್ನು ದೇವರು ಹಾಕಿದ್ದಲ್ಲ, ರೂಢಿ ಹಾಕಿದ್ದು.

ಇಷ್ಟಕ್ಕೂ ಈ ಎರಡು ವಾದ್ಯಗಳನ್ನು ಜೊತೆಗೂಡಿಸಿದ್ದು ಬರಿಯ ವಿಚಿತ್ರಪ್ರಿಯತೆಯಿಂದಲ್ಲ. ಪಿಯಾನೊದಲ್ಲಿ ಸುತ್ತಿಗೆ ತಂತಿಯನ್ನು ಹೊಡೆಯುತ್ತದೆ; ಹೊಡೆದ ಕ್ಷಣದಿಂದಲೇ ನಾದ ಕ್ಷೀಣಿಸತೊಡಗುತ್ತದೆ. ಎಷ್ಟೇ ದೊಡ್ಡ ವಾದಕನಾದರೂ ಒಮ್ಮೆ ಹೊಡೆದ ಸ್ವರವನ್ನು ಬೆಳೆಸಲಾರ. ಬೇಸ್ ಕ್ಲಾರಿನೆಟ್ಟಿನ ಗುಣ ಇದಕ್ಕೆ ತಿರುಗುಮುರುಗು. ಮೌನದಿಂದ ಎದ್ದಿತೋ ಇಲ್ಲವೋ ಎಂಬಂತೆ ಒಂದು ಸ್ವರವನ್ನು ಹುಟ್ಟಿಸಿ, ಉಬ್ಬಿಸಿ, ಮತ್ತೆ ಮೌನದೊಳಕ್ಕೆ ಇಳಿಸಬಲ್ಲ ವಾದ್ಯ ಇದು. ಸಾಯುತ್ತಲೇ ಹುಟ್ಟುವ ನಾದವೊಂದು, ಹುಟ್ಟಿದ್ದೇ ತಿಳಿಯದಂತೆ ಬೆಳೆಯುವ ನಾದವೊಂದು: ಇವೆರಡರ ಸಂವಾದವೇ ಈ ಜೋಡಿಯ ರಸಸ್ಥಾನ. ಪಿಯಾನೊದ ಸ್ವರಗಳು ಕಟ್ಟಿಹಾಕಿದವು. ಬೇಸ್ ಕ್ಲಾರಿನೆಟ್ಟಾದರೋ ತುಟಿಯ ಹಿಡಿತದಿಂದಲೂ ಬೆರಳಿನಿಂದಲೂ ಎರಡು ಸ್ವರಗಳ ಸಂದಿನಲ್ಲಿ ನುಸುಳಬಲ್ಲುದು. ಗಮಕದ ರುಚಿ ಬಲ್ಲ ನಮ್ಮ ಕಿವಿಗೆ ಈ ನುಸುಳಾಟ ವಾಸ್ತವವಾಗಿ ಯೂರೋಪಿನವರಿಗಿಂತ ಬೇಗ ಹಿಡಿಸಬೇಕು.

ಪಿಯಾನೊದ ಬಲಪೆಡಲನ್ನು ಒತ್ತಿಹಿಡಿದರೆ ತಂತಿಗಳೆಲ್ಲ ತೆರೆದುಕೊಳ್ಳುತ್ತವೆ. ಆಗ ಆ ತಂತಿಗಳ ಮೇಲೆ ಊದಿದ ಸ್ವರಕ್ಕೆ ತಕ್ಕ ತಂತಿಗಳು, ಯಾರೂ ಮುಟ್ಟದೆಯೇ, ಮಿಡಿಯುತ್ತವೆ. ನಮ್ಮ ಸಿತಾರಿನ ತರಬ್ ತಂತಿಗಳ ರಹಸ್ಯವೂ ಇದೇ. ಬೂಲೆಜ್ ೧೯೮೫ರಲ್ಲಿ ಕ್ಲಾರಿನೆಟ್ಟಿಗೆ ಬರೆದ 'ಇಮ್ಮಡಿ ನೆರಳಿನ ಸಂವಾದ'ದಲ್ಲಿ ಪಿಯಾನೊದ ಈ ಅನುರಣನವನ್ನು ಬಳಸಿಕೊಂಡಿದ್ದಾನೆ. ಇದನ್ನು ಸದ್ದು ಎನ್ನುವವನು ಕಿವಿಯಿಂದ ಮಾತನಾಡುತ್ತಿಲ್ಲ, ಬಾಯಿಂದ ಮಾತನಾಡುತ್ತಿದ್ದಾನೆ.

ಎರಡನೆಯ ಆಕ್ಷೇಪ, ಇದು ಅರ್ಥವಾಗುವುದಿಲ್ಲ ಎಂಬುದು. ಇಲ್ಲಿ ನಾನು ಹೊಸ ಸಂಗೀತದ ಭಕ್ತರ ಕಡೆಗೆ ತಿರುಗಬೇಕಾಗಿದೆ. ಅರ್ಥವಾಗದಂತೆ ಮಾಡುವುದರಲ್ಲಿ ಅವರ ಪಾಲು ಸಣ್ಣದಲ್ಲ. ಕಚೇರಿಯ ಬಾಗಿಲಲ್ಲಿ ಕೊಡುವ ಮುದ್ರಿತ ಹಾಳೆಯನ್ನು ಓದಿ ನೋಡಿ. ಹನ್ನೆರಡು ನಿಮಿಷದ ಕೃತಿಗೆ ಎರಡು ಪುಟದ ವ್ಯಾಖ್ಯಾನ. ಅದರಲ್ಲಿ ಗಣಿತವಿದೆ, ತತ್ತ್ವಶಾಸ್ತ್ರವಿದೆ, ರಚನೆಕಾರನ ಬಹುಮಾನಗಳ ಪಟ್ಟಿಯಿದೆ. ಕೇಳುವವನು ಯಾವುದಕ್ಕೆ ಕಿವಿಗೊಡಬೇಕೆಂಬ ಒಂದು ವಾಕ್ಯ ಮಾತ್ರ ಇಲ್ಲ. ಮಲ್ಲಿನಾಥ ಕಾಳಿದಾಸನಿಗೆ ಬರೆದದ್ದು ಓದುಗನ ದಾರಿ ಸುಗಮವಾಗಲೆಂದು. ಈ ಹಾಳೆಗಳನ್ನು ಬರೆಯುವುದು ದಾರಿಗೆ ಮುಳ್ಳು ಹಾಕಲೆಂದೇ ಇರಬೇಕು. ಕೆಟ್ಟ ಕೃತಿಗೆ ಇಂಥ ಹಾಳೆ ಒಳ್ಳೆಯ ಕವಚ. ಕೇಳಿದವನು ಬೇಸರವಾಯಿತೆಂದರೆ, "ನಿಮಗೆ ಹಿನ್ನೆಲೆ ಸಾಲದು" ಎಂದುಬಿಡಬಹುದು.

ಹೊಸದೆಲ್ಲ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಅಡಿಗರ ಹಿಂದೆ ಬಂದ ನವ್ಯರಲ್ಲಿ ಜೊಳ್ಳೆಷ್ಟು ಗಟ್ಟಿಯೆಷ್ಟು ಎಂಬುದು ಕನ್ನಡ ಓದುಗರಿಗೆ ತಿಳಿದಿದೆ. ಸಂಗೀತದಲ್ಲಿಯೂ ಅಷ್ಟೆ; ಜೊಳ್ಳೇ ಹೆಚ್ಚು. ಆದರೆ ಜೊಳ್ಳನ್ನು ಗಟ್ಟಿಯಿಂದ ಬೇರೆಮಾಡಲು ಕೇರಬೇಕು. ಮೊರದಲ್ಲಿ ಹಾಕಿ ಒಂದೇ ಸಲ ಕುಲುಕಿದರೆ ಕೇರಿದಂತಾಯಿತೆ? ಮತ್ತೆ ಮತ್ತೆ ನುಡಿಸಿ, ಬೇರೆ ಬೇರೆಯವರು ನುಡಿಸಿ, ಬೇರೆ ಬೇರೆ ಊರುಗಳಲ್ಲಿ ನುಡಿಸಿದಾಗಲೇ ಜೊಳ್ಳು ಹಾರಿಹೋಗುತ್ತದೆ.

ಈ ಮಾತು ನನ್ನ ಹೊಸ ಶೋಧವೇನಲ್ಲ. ಷೋನ್‌ಬರ್ಗ್ ವಿಯೆನ್ನಾದಲ್ಲಿ ೧೯೧೮ರಲ್ಲಿ ಒಂದು ಸಂಘ ಕಟ್ಟಿ ಮೂರು ವರ್ಷ ನಡೆಸಿದ. ಅಲ್ಲಿ ಹೊಸ ಕೃತಿಗಳನ್ನು ಚೆನ್ನಾಗಿ ಅಭ್ಯಾಸ ಮಾಡಿ, ಒಂದೇ ಕೃತಿಯನ್ನು ಹಲವು ಸಲ ನುಡಿಸುತ್ತಿದ್ದರು. ಚಪ್ಪಾಳೆ ಹೊಡೆಯುವಂತಿರಲಿಲ್ಲ, ಸಿಳ್ಳೆ ಹಾಕುವಂತಿರಲಿಲ್ಲ. ಪತ್ರಿಕೆಯ ವಿಮರ್ಶಕರಿಗೆ ಪ್ರವೇಶವಿರಲಿಲ್ಲ. ಯಾವ ಕೃತಿ ಎಂದು ಮುಂಚಿತವಾಗಿ ಸಾರುತ್ತಿರಲಿಲ್ಲ, ಇಷ್ಟವಿಲ್ಲದವರು ತಪ್ಪಿಸಿಕೊಳ್ಳದಿರಲೆಂದು. ಅದಕ್ಕೂ ಹಿಂದೆ ಹಾನ್ಸ್ ಫಾನ್ ಬ್ಯೂಲೋ ಬೀಥೋವನನ ಒಂಬತ್ತನೆಯ ಸಿಂಫನಿಯನ್ನು ಒಂದೇ ಸಂಜೆ ಎರಡು ಸಲ ನುಡಿಸಿದ್ದುಂಟು. ಬೀಥೋವನನಿಗೇ ಎರಡು ಸಲ ಬೇಕಾಯಿತೆಂದಮೇಲೆ ನಿನ್ನೆ ಬರೆದವನಿಗೆ ಒಂದೇ ಸಲ ಸಾಕೆ? ನಮ್ಮ ಸಂಗೀತವನ್ನೇ ನೋಡಿ. ಪಲ್ಲವಿಯ ಒಂದು ಸಾಲನ್ನು ಸಂಗತಿಯ ಮೇಲೆ ಸಂಗತಿ ಹಾಕಿ ಹಾಡುತ್ತೇವೆ. ನೆರವಲ್ಲಿನಲ್ಲಿ ಅದೇ ಸಾಲನ್ನು ಕಾಲು ಗಂಟೆ ಹಿಡಿದು ನಿಲ್ಲುತ್ತೇವೆ. ತ್ಯಾಗರಾಜರ ಕೃತಿಯನ್ನು ಅಜ್ಜಿಯಿಂದ ಕೇಳಿ, ರೇಡಿಯೋದಲ್ಲಿ ಕೇಳಿ, ರಾಮನವಮಿಯ ಚಪ್ಪರದಲ್ಲಿ ಕೇಳಿ, ಆಮೇಲೆ "ಆಹಾ, ಎಷ್ಟು ಸುಲಭವಾಗಿ ಹೃದಯಕ್ಕೆ ಮುಟ್ಟುತ್ತದೆ" ಎನ್ನುತ್ತೇವೆ. ಸುಲಭವಲ್ಲ ಸ್ವಾಮಿ, ನೂರು ಸಲ ಕೇಳಿದ್ದೀರಿ.

ಹೀಗಿರುವಲ್ಲಿ ಹೊಸ ಕೃತಿಗೆ ನಾವು ಮಾಡುತ್ತಿರುವುದೇನು? ಪಶ್ಚಿಮದ ಸಂಗೀತ ಪ್ರಪಂಚದಲ್ಲಿ 'ವಿಶ್ವಪ್ರಥಮ ಪ್ರದರ್ಶನ' ಎಂಬುದೊಂದು ದೊಡ್ಡ ಸಡಗರ. ಹಣ ಕೊಡುವವರು ಪ್ರಥಮಕ್ಕೆ ಕೊಡುತ್ತಾರೆ, ಪತ್ರಿಕೆಗಳು ಪ್ರಥಮಕ್ಕೆ ಬರುತ್ತವೆ, ವಾದಕರು ತಮ್ಮ ಪರಿಚಯಪತ್ರದಲ್ಲಿ ಪ್ರಥಮಗಳನ್ನು ಎಣಿಸುತ್ತಾರೆ. ದ್ವಿತೀಯಕ್ಕೆ ಹಣವಿಲ್ಲ, ತೃತೀಯಕ್ಕೆ ಹೆಸರಿಲ್ಲ. ಆದುದರಿಂದ ಎಷ್ಟೋ ಕೃತಿಗಳಿಗೆ ನಾಮಕರಣದ ದಿನವೇ ತಿಥಿ. ಹತ್ತು ತಿಂಗಳು ಬರೆದದ್ದನ್ನು ಹತ್ತು ವಾರ ಅಭ್ಯಾಸ ಮಾಡಿ ಹತ್ತು ನಿಮಿಷ ನುಡಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಮರುದಿನ ಇನ್ನೊಂದು ಕೂಸು, ಇನ್ನೊಂದು ತೊಟ್ಟಿಲು.

ಸ್ಪಾರ್ನಾಯ್ ಅವರ ಐನೂರು ಕೃತಿಗಳ ಮಾತು ಹೇಳಿದೆನಷ್ಟೆ. ಅವರ ಹಿರಿಮೆ ಆ ಎಣಿಕೆಯಲ್ಲಿಲ್ಲ ಎಂದು ನನ್ನ ವಾದ. ಫರ್ನಿಹೋ ೧೯೭೧ ಮತ್ತು ೧೯೭೭ರ ನಡುವೆ ಬರೆದ ಮೊದಲನೆಯ 'ಕಾಲ ಮತ್ತು ಚಲನೆಯ ಅಧ್ಯಯನ', ಕೊರಿಯದ ಇಸಾಂಗ್ ಯುನ್ ೧೯೮೩ರಲ್ಲಿ ಬರೆದ 'ಮೊನೊಲೋಗ್' ಮುಂತಾದ ಒಂಟಿ ವಾದನದ ಕೃತಿಗಳು ಇಂದು ಒಬ್ಬ ವಾದಕನ ಸ್ವತ್ತಾಗಿ ಉಳಿದಿಲ್ಲ. ಹೊಸ ತಲೆಮಾರಿನವರು ಕೈಗೆತ್ತಿಕೊಂಡು ನುಡಿಸುತ್ತಿದ್ದಾರೆ. ಸ್ಪಾರ್ನಾಯ್ ಪಾಠ ಹೇಳಿದರು, ೨೦೧೧ರಲ್ಲಿ ತಮ್ಮ ವಾದ್ಯದ ಕುರಿತು ಪುಸ್ತಕ ಬರೆದರು, ತಮ್ಮ ಕೈಯಲ್ಲಿದ್ದುದನ್ನು ಇತರರ ಕೈಗೆ ದಾಟಿಸಿದರು. ಕೃತಿ ಬದುಕುವುದು ಹಾಗೆ. ಮೊದಲನೆಯವನು ನುಡಿಸಿದ್ದು ಕೃತಿಯ ಜನನ. ಎರಡನೆಯವನು ನುಡಿಸಿದ್ದು ಅದರ ಜೀವನ. ತನಗೆ ಅರ್ಪಿಸಿದ ಕೃತಿಯನ್ನು ತಾನೊಬ್ಬನೇ ನುಡಿಸಬೇಕೆಂದು ಬೀರುವಿನಲ್ಲಿ ಬೀಗ ಹಾಕಿಡುವ ವಾದಕ, ತಾಳೆಗರಿಯನ್ನು ಗೆದ್ದಲಿಗೆ ಕೊಟ್ಟರೂ ನೆರೆಯವನಿಗೆ ತೋರಿಸದ ಹಳೆಯ ಪಂಡಿತನ ಜಾತಿಯವನು.

ಈಗ 'ಇಬ್ಬರು' ಎಂಬ ಮಾತು. ಹೊರಾಕ್ ಮತ್ತು ಕೊವಾರ್ನೊವಾ ತಮ್ಮ ಜೋಡಿಗೆ ಹೆಸರಿಡುವಾಗ ಇಬ್ಬರನ್ನೂ ಸಮನಾಗಿ ಹೆಸರಿಸಿಕೊಂಡರು. ಇಂದಿನ ಭಿತ್ತಿಪತ್ರಗಳಲ್ಲಿ ಊದುವವನ ಹೆಸರು ಗೇಣುದ್ದ, ಪಿಯಾನೊ ನುಡಿಸುವವಳ ಹೆಸರು ಇರುವೆಸಾಲು. ಹೊಸ ಕೃತಿಗಳಲ್ಲಿ ಪಿಯಾನೊ ಪಕ್ಕವಾದ್ಯವಲ್ಲ. ಅದರ ಕೆಳಸ್ಥಾಯಿಯೂ ಬೇಸ್ ಕ್ಲಾರಿನೆಟ್ಟಿನ ಕೆಳಸ್ಥಾಯಿಯೂ ಒಂದೇ ನೆಲದಲ್ಲಿ ಓಡಾಡುತ್ತವೆ. ಪೆಡಲನ್ನು ಕೂದಲೆಳೆಯಷ್ಟು ಹೆಚ್ಚು ಒತ್ತಿದರೂ ಊದುವವನ ಸ್ವರ ಕೆಸರಿನಲ್ಲಿ ಹೂತುಹೋಗುತ್ತದೆ. ಆ ನೆಲವನ್ನು ತಿಳಿಯಾಗಿ ಇಡುವವಳು ಪಿಯಾನೊ ವಾದಕಿ. ಅವಳನ್ನು ಸಹಾಯಕಿ ಎಂದು ಕರೆಯುವವರು ಒಮ್ಮೆ ಸ್ವರಲಿಪಿಯನ್ನು ತೆರೆದು ನೋಡುವುದೊಳ್ಳೆಯದು.

ನಮ್ಮಲ್ಲಿಯ ಸಂಘಟಕರ ರೀತಿಯನ್ನೂ ಹೇಳಬೇಕು. ಕೆಲವು ವರ್ಷಗಳ ಕೆಳಗೆ ನಮ್ಮ ನಗರದ ಸಭಾಂಗಣವೊಂದರಲ್ಲಿ ಇದೇ ಜೋಡಿಯ ಕಚೇರಿಯಿತ್ತು. ಹೊಸ ಕೃತಿಯನ್ನು ಎರಡು ಹಳೆಯ ಕೃತಿಗಳ ನಡುವೆ ಇಟ್ಟಿದ್ದರು: ಮುಂಚೆ ಇಟ್ಟರೆ ಜನ ತಡವಾಗಿ ಬರುತ್ತಾರೆ, ಕೊನೆಗೆ ಇಟ್ಟರೆ ಎದ್ದು ಹೋಗುತ್ತಾರೆ ಎಂದು ಲೆಕ್ಕ. ಕಹಿಗುಳಿಗೆಯನ್ನು ಬಾಳೆಹಣ್ಣಿನಲ್ಲಿಟ್ಟು ಕೊಡುವ ಜಾಣತನ. ಸ್ವಾಗತ ಭಾಷಣ ಮಾಡಿದ ಪದಾಧಿಕಾರಿಗಳು ಹದಿನೈದು ನಿಮಿಷ ಸಹಿಸಿಕೊಳ್ಳಬೇಕೆಂದು ಸಭಿಕರಲ್ಲಿ ನಗುನಗುತ್ತ ವಿನಂತಿಸಿದರು. ಅಡುಗೆಯವನೇ ಬಂದು ಊಟ ರುಚಿಯಿಲ್ಲವೆಂದು ಹೇಳಿ ಬಡಿಸಿದರೆ ಉಣ್ಣುವವನ ಬಾಯಿ ಏನಾಗಬೇಕು? ಅದಕ್ಕೂ ಮಿಗಿಲಾಗಿ, ವೇದಿಕೆಯ ಮೇಲೆ ಇದ್ದುದು ಪಿಯಾನೊ ಅಲ್ಲ, ವಿದ್ಯುತ್ತಿನ ಕೀಬೋರ್ಡು. ಕೃತಿಯಲ್ಲಿ ತಂತಿಗಳನ್ನು ಕೈಯಿಂದ ಮೀಟಬೇಕಾಗಿತ್ತು, ತೆರೆದ ತಂತಿಗಳ ಮೇಲೆ ಊದಬೇಕಾಗಿತ್ತು. ತಂತಿಯೇ ಇಲ್ಲದ ಪೆಟ್ಟಿಗೆಯಲ್ಲಿ ಏನನ್ನು ಮೀಟುವುದು? ಕಲಾವಿದರು ಆ ಕೃತಿಯನ್ನು ಕೈಬಿಟ್ಟು ಬೇರೇನೋ ನುಡಿಸಿ ಮುಗಿಸಿದರು. ಹೊರಗೆ ಬರುವಾಗ ಇಬ್ಬರು ಗೃಹಸ್ಥರು, "ಹೊಸ ಸಂಗೀತ ನಮಗೆ ಒಗ್ಗುವುದಿಲ್ಲ ಬಿಡಿ" ಎಂದು ಮಾತನಾಡಿಕೊಳ್ಳುತ್ತಿದ್ದರು. ಅವರು ಅದನ್ನು ಕೇಳಿಯೇ ಇರಲಿಲ್ಲ.

ಮೂರನೆಯ ಆಕ್ಷೇಪ ದೇಶಾಭಿಮಾನದ್ದು: ಇದು ನಮ್ಮದಲ್ಲ, ನಮಗೇಕೆ? ಈ ಪ್ರಶ್ನೆಯನ್ನು ಮೈಸೂರಿನಲ್ಲಿ ನಿಂತು ಕೇಳಬಾರದು. ಜಯಚಾಮರಾಜ ಒಡೆಯರು (೧೯೧೯-೧೯೭೪) ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು, ಪಿಯಾನೊವನ್ನೂ ಬಲ್ಲವರು. ಲಂಡನ್ನಿನಲ್ಲಿ ಮುಪ್ಪಿನಲ್ಲಿಯೂ ಕಾಯಿಲೆಯಲ್ಲಿಯೂ ನವೆಯುತ್ತಿದ್ದ ರಷ್ಯದ ರಚನೆಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ತಾನೇ ನುಡಿಸಿ ಉಳಿಸುವಂತಾದದ್ದು ಇವರ ಹಣದಿಂದ. ಆತ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿ, ೧೯೫೧ರಲ್ಲಿ ತೀರಿಕೊಂಡ. ರಿಚರ್ಡ್ ಸ್ಟ್ರಾಸ್‌ನ 'ಕೊನೆಯ ನಾಲ್ಕು ಹಾಡುಗಳು' ೧೯೫೦ರ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊತ್ತಮೊದಲು ಕೇಳಿಬಂದಾಗ ಆ ಕಚೇರಿಯ ಖರ್ಚಿಗೆ ಹೊಣೆ ನಿಂತವರೂ ಇವರೇ. ಮೆಟ್ನರನ ಶೈಲಿ ಹಳೆಯದು, ನಿಜ. ನನ್ನ ಮಾತು ಶೈಲಿಯದಲ್ಲ. ಬದುಕಿರುವ ರಚನೆಕಾರನ ಕೃತಿಯನ್ನು ಜನ ಮತ್ತೆ ಮತ್ತೆ ಕೇಳುವಂತೆ ಮಾಡಬೇಕೆಂಬ ಬುದ್ಧಿ ನಮ್ಮ ನೆಲದ ಅರಸನೊಬ್ಬನಿಗೆ ಇತ್ತು. ಪ್ರಜೆಗಳಾದ ನಮಗೆ ಅದು ಏಕಿರಬಾರದು?

ವಾದ್ಯದ ಮಾತಿಗೆ ಬಂದರಂತೂ 'ನಮ್ಮದು' ಎಂಬ ಬೇಲಿ ಎಂದೋ ಮುರಿದುಬಿದ್ದಿದೆ. ಪಿಟೀಲು ನಮ್ಮದಾಗಿತ್ತೆ? ಹಾರ್ಮೋನಿಯಂ ಗಮಕಕ್ಕೆ ಒಗ್ಗದೆಂದು ಆಕಾಶವಾಣಿ ೧೯೪೦ರಿಂದ ಮೂರು ದಶಕ ಅದಕ್ಕೆ ಬಹಿಷ್ಕಾರ ಹಾಕಿತ್ತು. ಇಂದು ಧಾರವಾಡದಲ್ಲಿ ಹಾರ್ಮೋನಿಯಂ ಇಲ್ಲದ ಗಾಯನ ಕಚೇರಿ ಎಷ್ಟಿದೆ, ಎಣಿಸಿ ಹೇಳಿ. ಬಂಟ್ವಾಳದ ಸಜಿಪದಲ್ಲಿ ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (೧೯೪೯-೨೦೧೯) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು; ವರ್ಷಾನುಗಟ್ಟಲೆ ಸಾಧನೆ ಮಾಡಿ, ಅದರಲ್ಲಿ ಗಮಕ ನುಡಿಸಿ, ೧೯೯೪ರಲ್ಲಿ ಅದೇ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಸಂಗೀತೋತ್ಸವದಲ್ಲಿ ಕಚೇರಿ ಮಾಡಿದರು. ಮೊದಲ ಸಲ ಕೇಳಿ 'ಇದು ಬ್ಯಾಂಡಿನ ವಾದ್ಯ' ಎಂದು ಅವರೂ ಬಿಟ್ಟಿದ್ದರೆ? ಅಡೋಲ್ಫ್ ಸ್ಯಾಕ್ಸನ ಒಂದು ಕೂಸನ್ನು ತೊಡೆಯ ಮೇಲಿಟ್ಟು ಮುದ್ದಿಸಿದ ನಾಡು ಅವನು ಸಾಕಿದ ಇನ್ನೊಂದು ಕೂಸನ್ನು ಹೊಸ್ತಿಲಾಚೆ ನಿಲ್ಲಿಸುವುದು ಯಾವ ನ್ಯಾಯ?

ಹಾಗಾದರೆ ಮಾಡಬೇಕಾದುದೇನು? ಮಹಾ ಯೋಜನೆಗಳೇನೂ ಬೇಡ. ನುಡಿಸುವವರು ಹೊಸ ಕೃತಿಯನ್ನು, ಅದು ಹದಿನೈದು ನಿಮಿಷದೊಳಗಿನದಾದರೆ, ಒಂದೇ ಸಂಜೆ ಎರಡು ಸಲ ನುಡಿಸಲಿ: ಮೊದಲಿಗೊಮ್ಮೆ, ವಿರಾಮದ ಅನಂತರ ಇನ್ನೊಮ್ಮೆ. ನಡುವೆ ಎದ್ದು ನಿಂತು, ಎರಡು ಪುಟದ ಹಾಳೆಗೆ ಬದಲಾಗಿ ಎರಡು ನಿಮಿಷ ಮಾತನಾಡಲಿ. ಈ ಸ್ವರಗುಚ್ಛವನ್ನು ಗಮನಿಸಿ, ಇದು ಮುಂದೆ ಹೀಗೆ ತಲೆಕೆಳಗಾಗಿ ಬರುತ್ತದೆ ಎಂದು ನುಡಿಸಿ ತೋರಿಸಲಿ. ಹಣ ಕೊಡುವವರು ಅರ್ಧವನ್ನು ಬರೆಯುವುದಕ್ಕೂ ಉಳಿದರ್ಧವನ್ನು ಎರಡನೆಯ, ಮೂರನೆಯ, ನಾಲ್ಕನೆಯ ಪ್ರದರ್ಶನಗಳಿಗೂ ಮೀಸಲಿಡಲಿ. ಆ ಪ್ರದರ್ಶನಗಳು ಬೇರೆಯವರ ಕೈಯಲ್ಲಿ ನಡೆಯಲಿ. ಸಂಘಟಕರು ಕ್ಷಮೆ ಕೇಳುವುದನ್ನು ನಿಲ್ಲಿಸಿ ತಂತಿಯಿರುವ ಪಿಯಾನೊ ಒದಗಿಸಲಿ. ಇದರಿಂದ ಹೊಸ ಕೃತಿಗಳ ಸಂಖ್ಯೆ ಕಡಮೆಯಾದೀತೆಂದು ಭಯಪಡುವವರಿಗೆ ನನ್ನ ಉತ್ತರ: ಆಗಲಿ. ನೂರು ಹೆಣಗಳಿಗಿಂತ ಹತ್ತು ಮಕ್ಕಳು ಮೇಲು.

ಕೇಳುವವರ ಹೊಣೆಯೂ ಒಂದಿದೆ. ಇಷ್ಟವಾಗಲೇಬೇಕೆಂಬ ಬಲವಂತ ಯಾರಿಗೂ ಇಲ್ಲ. ಎರಡನೆಯ ಸಲ ಕೇಳಿ ಬೇಡವೆನಿಸಿದರೆ ಬೇಡವೆನ್ನಿ. ಅದು ಅಭಿಪ್ರಾಯ, ಅದಕ್ಕೆ ಬೆಲೆಯುಂಟು. ಮೊದಲ ಸಲಕ್ಕೆ ಹೇಳಿದ್ದು ಬರಿಯ ಬೆಚ್ಚುವಿಕೆ. ಒಂದು ಸಲ ಕೇಳಿ ತೆಗಳುವವನನ್ನು ನಂಬಬೇಡಿ. ಒಂದು ಸಲ ಕೇಳಿ ಹೊಗಳುವವನನ್ನಂತೂ ಹತ್ತಿರಕ್ಕೂ ಸೇರಿಸಬೇಡಿ.